ಬೆನ್ನಿನಲ್ಲಿ ಕಪ್ಪು, ಪರದೆಯಲ್ಲಿ ಬಿಳಿ

ನಿವೃತ್ತಿ ಎಂಬ ಮಾತು ಮೂವತ್ತನಾಲ್ಕರ ವಯಸ್ಸಿಗೆ ಹೊಂದುವುದಿಲ್ಲ. ಆದರೆ ನಾನು ಆ ಕೆಲಸಕ್ಕೆ ಮರಳುವುದಿಲ್ಲವಾದ್ದರಿಂದ ಬೇರೆ ಪದ ಹುಡುಕುವ ಅಗತ್ಯವೂ ಕಾಣುವುದಿಲ್ಲ. ಹನ್ನೊಂದು ವರ್ಷ ಮೂಡುಬಿದಿರೆಯ ಒಂದು ಸ್ಕ್ಯಾನಿಂಗ್ ಕೇಂದ್ರದಲ್ಲಿ ಎಂ.ಆರ್.ಐ. ತಂತ್ರಜ್ಞೆಯಾಗಿದ್ದೆ. ಬಿಟ್ಟ ಕಾರಣ ನನ್ನದು, ಅದನ್ನು ಇಲ್ಲಿ ಬರೆಯುವುದಿಲ್ಲ. ನಾನು ಓದಿದ ಕಾಲೇಜಿನವರು, ಹೊಸದಾಗಿ ಕೆಲಸಕ್ಕೆ ಸೇರುವ ಮಕ್ಕಳಿಗಾಗಿ ಏನಾದರೂ ಬರೆದುಕೊಡಿ ಎಂದು ಕೇಳಿದರು. ಯಂತ್ರದ ವಿಷಯ ಪುಸ್ತಕಗಳಲ್ಲಿದೆ. ನಾನು ಪುಸ್ತಕದಲ್ಲಿ ಇಲ್ಲದ್ದನ್ನು ಬರೆಯುತ್ತೇನೆ. ಅದರಲ್ಲಿ ದೊಡ್ಡ ಪಾಲು ನನ್ನ ಒಂದು ತಪ್ಪು.

ನಾನು ಬಂಟ್ವಾಳದವಳು. ಬಿ.ಸಿ. ರೋಡಿನಿಂದ ಸಿದ್ಧಕಟ್ಟೆಯ ಮೇಲೆ ಹೋಗುವ ಬಸ್ಸು ಹಿಡಿದು ಎಂಟೂವರೆಗೆ ಮೂಡುಬಿದಿರೆ ತಲುಪುತ್ತಿದ್ದೆ. ಸೇರಿದಾಗ ನನಗೆ ಕೆಲಸ ಕಲಿಸಿದವರು ಲಾರೆನ್ಸ್ ಸರ್. ಎಕ್ಸ್‌ರೇ ಫಿಲ್ಮನ್ನು ಕತ್ತಲೆ ಕೋಣೆಯಲ್ಲಿ ತೊಳೆಯುವ ಕಾಲದಿಂದ ಬಂದವರು. ಬೆರಳ ತುದಿಗಳಲ್ಲಿ ಆ ಔಷಧಿಯ ಕಂದು ಇನ್ನೂ ಉಳಿದಿತ್ತು. ಮೊದಲ ದಿನ ಅವರು ನನಗೆ ಹೇಳಿದ್ದು ಇಷ್ಟೇ: "ಹೆಸರು, ವಯಸ್ಸು, ಕಬ್ಬಿಣ. ಈ ಮೂರು ಕೇಳಿದ್ರೆ ಆಯ್ತು. ಹೆಚ್ಚು ಕೇಳಿದ್ರೆ ಅವ್ರು ಹೆಚ್ಚು ಹೇಳ್ತಾರೆ, ನಿನ್ನ ಬಸ್ಸು ತಪ್ತದೆ."

ಕಬ್ಬಿಣದ ವಿಷಯದಲ್ಲಿ ಅವರು ಹೇಳಿದ್ದು ಸರಿ. ಈ ಯಂತ್ರವೆಂದರೆ ಒಬ್ಬ ಮನುಷ್ಯನನ್ನು ಒಳಗೆ ಮಲಗಿಸುವಷ್ಟು ದೊಡ್ಡ ಅಯಸ್ಕಾಂತ. ಕರೆಂಟು ಹೋದರೂ ಅದರ ಸೆಳೆತ ಹೋಗುವುದಿಲ್ಲ. ಸೇರಿದ ಮೂರನೆಯ ತಿಂಗಳಲ್ಲಿ ಕಲ್ಲಡ್ಕದ ಕಡೆಯ ಒಬ್ಬ ಹಿರಿಯರು ಸೊಂಟನೋವಿಗೆ ಬಂದಿದ್ದರು. ಕೀ, ಮೊಬೈಲು, ಬೆಲ್ಟು ಎಲ್ಲ ಕೇಳಿ ತೆಗೆಸಿದೆ. ಮುಂಡಿನ ಮಡಿಕೆಯಲ್ಲಿ ಎಲೆಯಡಿಕೆಯ ಸುಣ್ಣದ ತಗಡಿನ ಡಬ್ಬಿ ಇದೆಯೇ ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಅವರು ಬಾಗಿಲು ದಾಟಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಡಬ್ಬಿ ಹಾರಿ ಹೋಗಿ ಯಂತ್ರದ ಬಾಯಿಗೆ ಅಂಟಿ ತೆರೆದುಕೊಂಡಿತು. ಸುಣ್ಣ ಕೆರೆದು ತೆಗೆಯಲು ಮಧ್ಯಾಹ್ನವಾಯಿತು. ಆ ಹಿರಿಯರು ಹೊರಗೆ ಕೂತು, "ನನ್ನ ಡಬ್ಬಿ ಹಾಳಾಗ್ಲಿಲ್ಲ ಅಲ್ವಾ?" ಎಂದು ಎರಡು ಸಲ ಕೇಳಿದರು. ಅಂದಿನಿಂದ ನನ್ನ ಪಟ್ಟಿಯಲ್ಲಿ ಸುಣ್ಣದ ಡಬ್ಬಿಯೂ ಸೇರಿತು. ಆದರೆ ಪಟ್ಟಿ ಕಬ್ಬಿಣದ ದಿಕ್ಕಿನಲ್ಲಿ ಮಾತ್ರ ಬೆಳೆಯಿತು. ಉಳಿದದ್ದನ್ನು ಕೇಳದಿರುವುದು ನನ್ನ ಸ್ವಭಾವಕ್ಕೂ ಅನುಕೂಲವಾಗಿತ್ತು. ಇನ್ನೊಬ್ಬರ ಮೈಯ ವಿಷಯ ಅವರಾಗಿ ಹೇಳದಿದ್ದರೆ ಕೇಳಬಾರದು ಎಂದು ನಾನು ನಂಬಿದ್ದೆ.

ಆ ವರ್ಷಗಳಲ್ಲೇ ವಿಧಾನಗಳೂ ಬದಲಾದವು. ಮೊದಲು ರೇಡಿಯಾಲಜಿಸ್ಟರು, ಅಂದರೆ ಚಿತ್ರ ನೋಡಿ ವರದಿ ಬರೆಯುವ ವೈದ್ಯರು, ನಮ್ಮ ಪಕ್ಕದ ಕೋಣೆಯಲ್ಲೇ ಕೂರುತ್ತಿದ್ದರು. ಅನುಮಾನ ಬಂದರೆ ಎದ್ದು ಬಂದು ರೋಗಿಯನ್ನು ನೋಡುತ್ತಿದ್ದರು. ಆಮೇಲೆ ಚಿತ್ರಗಳು ತಂತಿಯ ಮೇಲೆ ಮಂಗಳೂರಿಗೆ ಹೋಗತೊಡಗಿದವು. ನಮ್ಮ ವರದಿ ಬರೆಯುತ್ತಿದ್ದವರು ಡಾಕ್ಟರ್ ಶಶಿಕಲಾ. ಒಂದೇ ಒಂದು ಚಿತ್ರದಲ್ಲಿ ತಲೆ ಸ್ವಲ್ಪ ಓರೆಯಾದರೂ ಫೋನು ಬರುತ್ತಿತ್ತು: "ಪೇಶೆಂಟ್ ಓರೆಯಾ, ನೀವು ಓರೆಯಾ?" ಅವರು ರೋಗಿಯನ್ನು ನೋಡುತ್ತಿರಲಿಲ್ಲ. ನಾವು ಕಳಿಸಿದ್ದನ್ನು ಮಾತ್ರ ನೋಡುತ್ತಿದ್ದರು. ಈ ಬದಲಾವಣೆಯಲ್ಲಿ ನಮ್ಮ ಕೆಲಸ ಹಗುರವಾಯಿತೆಂದು ನಾವು ತಿಳಿದಿದ್ದೆವು.

ಪ್ರಮೀಳಾ ತನ್ನ ಮಗುವನ್ನು ತಂದದ್ದು ನನ್ನ ಎಂಟನೆಯ ವರ್ಷದಲ್ಲಿ. ಹೆಸರು ಬದಲಿಸಿದ್ದೇನೆ. ಹೆರಿಗೆಗೆ ತವರಿಗೆ, ವೇಣೂರಿನ ಆಚೆಯ ಒಂದು ಊರಿಗೆ, ಬಂದವಳು ಅಲ್ಲೇ ಬಾಣಂತನ ಮಾಡಿಕೊಂಡಿದ್ದಳು. ಗಂಡ ಧರ್ಮಸ್ಥಳದಲ್ಲಿ ಯಾತ್ರಿಕರ ವಸತಿಗೃಹವೊಂದರಲ್ಲಿ ಕೆಲಸಕ್ಕಿದ್ದ. ಮಗು ಹೆಣ್ಣು, ಎರಡೂವರೆ ತಿಂಗಳು. ಬೆಳ್ತಂಗಡಿಯ ಒಂದು ಚಿಕಿತ್ಸಾಲಯದಿಂದ ತಂದ ಚೀಟಿಯಲ್ಲಿ ಇದ್ದದ್ದು: ಫಿಟ್ಸ್, ಒಂದು ಸಲ, ಮೆದುಳಿನ ಎಂ.ಆರ್.ಐ. ಇಂಥ ಚೀಟಿಗಳೇ ಹೆಚ್ಚು ಬರುತ್ತವೆ. ಫಿಟ್ಸ್ ಬಂದ ಮಗುವನ್ನು ಹೆದರಿ ಎತ್ತಿಕೊಂಡು ಓಡಿದವರಿಗೆ ಡ್ಯೂಟಿ ವೈದ್ಯರು ಬಟ್ಟೆಯಲ್ಲಿ ಸುತ್ತಿದ ಮಗುವನ್ನು ನೋಡಿ ಬರೆದುಕೊಟ್ಟದ್ದು.

ಮಗುವಿನ ಕೆನ್ನೆಯಲ್ಲಿ ದೃಷ್ಟಿ ಬೊಟ್ಟು ಇತ್ತು. ಅಂಗಡಿಯ ಕಾಡಿಗೆಯಲ್ಲಿ ಕೆಲವೊಮ್ಮೆ ಕಬ್ಬಿಣದ ಅಂಶ ಇರುತ್ತದೆ, ಚಿತ್ರ ಕೆಡುತ್ತದೆ. ಆದ್ದರಿಂದ ಹತ್ತಿಯಿಂದ ಒರೆಸುವುದು ನಮ್ಮ ಕ್ರಮ. ಕೆನ್ನೆಯದು ಹೋಯಿತು. ಕಿವಿಯ ಹಿಂದೆ ಇನ್ನೊಂದು ಕಂಡಿತು, ಕೂದಲಿನೊಳಗೆ ಮತ್ತೆರಡು. ಇಷ್ಟು ಬೊಟ್ಟು ಯಾಕೆ ಇಟ್ಟಿದ್ದಾರೆ ಎಂದುಕೊಂಡು ಕಿವಿಯ ಹಿಂದಿನದನ್ನು ಒರೆಸಿದೆ. ಹೋಗಲಿಲ್ಲ. ಸ್ವಲ್ಪ ಒತ್ತಿ ಒರೆಸಿದೆ.

"ಅದು ಹೋಗ್ಲಿಕ್ಕಿಲ್ಲ ಸಿಸ್ಟರ್," ಎಂದಳು ಪ್ರಮೀಳಾ. "ಅದು ಹುಟ್ಟಿದಾಗಲೇ ಇದ್ದದ್ದು."

ಮಗುವಿನ ಅಂಗಿಗೆ ಲೋಹದ ಟಿಚ್ ಬಟನ್‌ಗಳಿದ್ದವು. ಅಂಗಿ ತೆಗೆಯಬೇಕಾಯಿತು. ಅವಳು ನನ್ನ ಮುಖವನ್ನೇ ನೋಡುತ್ತಾ ತೆಗೆದಳು. ಭುಜದ ಕೆಳಗಿನಿಂದ ಪೃಷ್ಠ ದಾಟಿ ತೊಡೆಯವರೆಗೆ ಇಡೀ ಬೆನ್ನು ಕಪ್ಪು. ಒದ್ದೆ ಮಣ್ಣಿನಂಥ ಕಪ್ಪು, ಕೆಲವು ಕಡೆ ದಪ್ಪ, ಮೇಲೆ ನವಿರಾದ ಕೂದಲು. ಸುತ್ತ ಚದುರಿದಂತೆ ಸಣ್ಣ ಮಚ್ಚೆಗಳು. ನಾನು ಅಂಥದ್ದನ್ನು ನೋಡಿರಲಿಲ್ಲ. ನಮ್ಮ ಪಾಠದಲ್ಲಿ ಕಾಫಿ ಬಣ್ಣದ ಕಲೆಗಳಿರುವ ಒಂದು ನರರೋಗ ಇತ್ತು. ಇದು ಇರಲಿಲ್ಲ, ಅಥವಾ ಇದ್ದ ಪುಟವನ್ನು ನಾನು ಓದಿರಲಿಲ್ಲ.

"ಬರೀಬೇಡಿ ಸಿಸ್ಟರ್," ಎಂದಳು ಅವಳು. "ನನ್ನ ಗಂಡನಿಗೆ ಗೊತ್ತುಂಟು. ಅತ್ತೆಗೆ ಗೊತ್ತಿಲ್ಲ. ಅವರಿಗೆ ಕಾಲು ಗಂಟುನೋವು, ಎರಡೇ ಸಲ ಬಂದದ್ದು, ಮಗುವನ್ನು ಸುತ್ತಿಯೇ ಕೈಗೆ ಕೊಟ್ಟದ್ದು. ರಿಪೋರ್ಟ್ ಆ ಮನೆಗೆ ಹೋಗ್ತದೆ, ಮೈದುನ ಓದಿ ಹೇಳ್ತಾನೆ. ಗೊತ್ತಾದ್ರೆ ಜೋಯಿಸರ ಹತ್ರ ಪ್ರಶ್ನೆ ಇಡ್ಸುವ ಅಂತಾರೆ, ನಾಗನ ಶಾಪ ಅಂತಾರೆ, ನನ್ನ ತವರಿನ ಕಡೆಯ ದೋಷ ಅಂತಾರೆ. ಆ ಮನೆಯಲ್ಲಿ ತೊಟ್ಟಿಲಿಗೆ ಹಾಕುವ ಶಾಸ್ತ್ರ ಮುಗಿದ ಮೇಲೆ ನಾನೇ ಹೇಳ್ತೇನೆ."

ನಮ್ಮ ಫಾರಮ್ಮಿನಲ್ಲಿ ಕೊನೆಗೆ 'ಇತರ' ಎಂದು ಒಂದು ಸಾಲಿತ್ತು. ನಾನು ಅದರಲ್ಲಿ ಒಂದು ಗೆರೆ ಎಳೆದೆ. ಏನೂ ಇಲ್ಲ ಎಂದು ಅರ್ಥ. ಅವಳ ಗುಟ್ಟು ಕಾಪಾಡಿದೆ ಎಂಬ ಸಮಾಧಾನವೂ ಇತ್ತು.

ಆರು ತಿಂಗಳೊಳಗಿನ ಮಕ್ಕಳಿಗೆ ನಮ್ಮಲ್ಲಿ ಅರಿವಳಿಕೆ ಕೊಡುತ್ತಿರಲಿಲ್ಲ. ಹಾಲು ಕುಡಿಸಿ, ಕಿವಿಗೆ ಹತ್ತಿ ಇಟ್ಟು, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ನಿದ್ದೆ ಬಂದ ಮೇಲೆ ಒಳಗೆ ಇಡುವುದು. ಯಂತ್ರ ಒಂದೊಂದು ಸುತ್ತಿಗೆ ನಾಲ್ಕೈದು ನಿಮಿಷ ಸದ್ದು ಮಾಡಿ ಟಿ-ಒನ್, ಟಿ-ಟೂ ಎಂದು ಒಂದೊಂದು ಬಗೆಯ ಚಿತ್ರ ಕೊಡುತ್ತದೆ. ಪ್ರಮೀಳಾಳ ಮಗು ಮೂರನೆಯ ಸುತ್ತಿನಲ್ಲಿ ಎದ್ದು ಅತ್ತಿತು. ಮತ್ತೆ ಮಲಗಲಿಲ್ಲ. ಹಳೆಯ ರಕ್ತವಿದ್ದರೆ ಅದನ್ನು ಕಪ್ಪಾಗಿ ತೋರಿಸುವ ಒಂದು ಬಗೆಯ ಚಿತ್ರ ಬಾಕಿ ಉಳಿಯಿತು. ಇದ್ದಷ್ಟನ್ನು ಮಂಗಳೂರಿಗೆ ಕಳಿಸಿದೆ.

ಸಂಜೆ ಡಾಕ್ಟರ್ ಶಶಿಕಲಾ ಫೋನು ಮಾಡಿದರು.

"ಟಿ-ಒನ್‌ನಲ್ಲಿ ಎರಡೂ ಕಡೆ ಕಿವಿಯ ಬದಿಗೆ, ಟೆಂಪೊರಲ್ ಒಳಗೆ, ಬೆಳ್ಳಗೆ ಕಾಣ್ತದೆ. ಹಿಂದೆ ಕಿರುಮೆದುಳಲ್ಲೂ ಒಂದು. ಮಗು ಬಿದ್ದದ್ದು, ಪೆಟ್ಟಾದದ್ದು ಏನಾದ್ರೂ ಹೇಳಿದ್ರಾ?"

"ಇಲ್ಲ ಮೇಡಂ."

"ಬೇರೆ ಎಂತಾದ್ರೂ?"

"ಇಲ್ಲ ಮೇಡಂ."

ವರದಿ ಹೋಯಿತು. ಬಹುಶಃ ಹಳೆಯ ರಕ್ತಸ್ರಾವ. ಪೆಟ್ಟು ಬಿದ್ದಿರುವ ಸಾಧ್ಯತೆಯನ್ನು ವಿಚಾರಿಸುವುದು. ಅವರಿಗೆ ಇದ್ದ ಮಾಹಿತಿಯಲ್ಲಿ ಅದು ತಪ್ಪು ವರದಿಯಲ್ಲ.

ಹದಿನೈದು ದಿನದ ಮೇಲೆ ಒಂದು ಬೆಳಿಗ್ಗೆ ಕೌಂಟರಿನ ಹುಡುಗಿ ಒಳಗೆ ಬಂದು, ಯಾರೋ ಅಜ್ಜಿ ನಿಮ್ಮನ್ನೇ ಕೇಳುತ್ತಿದ್ದಾರೆ, ಚೀಟಿ ಇಲ್ಲ, ಎಂದಳು. ಅರವತ್ತು ದಾಟಿದ ಹೆಂಗಸು, ಗಟ್ಟಿ ತೋಳು, ಕೈಯಲ್ಲಿ ಕೊಡೆ, ದೊಡ್ಡ ಮೂಗುಬೊಟ್ಟು. ಮಾತು ತುಳುವಿನಲ್ಲಿ ನಡೆಯಿತು. ಅದನ್ನು ನಮ್ಮ ಕಡೆಯ ಕನ್ನಡದಲ್ಲಿ ಬರೆದಿದ್ದೇನೆ.

"ವೇಣೂರಿನ ಪ್ರಮೀಳಾನ ಮಗುವಿನ ಫೋಟೋ ತೆಗ್ದದ್ದು ಯಾರು? ನೀನಾ?"

"ಹೌದು."

"ನಾನು ಗುಲಾಬಿ. ಆ ಮಗುವನ್ನು ಮೀಯಿಸುವವಳು."

ನಮ್ಮ ಊರುಗಳಲ್ಲಿ ಬಾಣಂತಿಯನ್ನೂ ಮಗುವನ್ನೂ ಮೂರು ತಿಂಗಳು ಎಣ್ಣೆ ಹಚ್ಚಿ ಮೀಯಿಸಲು ಒಬ್ಬರು ಬರುತ್ತಾರೆ. ಸುತ್ತಿನ ಹತ್ತು ಊರಿಗೆ ಇಬ್ಬರೋ ಮೂವರೋ ಇರುತ್ತಾರೆ. ಗುಲಾಬಿಯಕ್ಕ ಅಂಥವರಲ್ಲಿ ಒಬ್ಬರು.

"ನಲ್ವತ್ತು ವರ್ಷ ಆಯ್ತು. ಪ್ರಮೀಳಾನ್ನೂ ಮೀಯಿಸಿದ್ದು ನಾನೇ. ನನ್ನ ಕೈಯಿಂದ ಒಂದು ಮಗು ಜಾರಿದ್ದು ಇಲ್ಲ. ಈಗ ಅವಳ ಗಂಡನ ಮನೆಯವರು ಹೇಳ್ತಾರೆ, ಮೀಯಿಸುವವಳು ಕುಲುಕಿ ಕುಲುಕಿ ಮಂಡೆಯಲ್ಲಿ ರಕ್ತ ಬರ್ಸಿದ್ದಾಳೆ ಅಂತ. ಮಂಡೆ ಒತ್ತಿದ್ದು ಹೆಚ್ಚಾಗಿದೆ ಅಂತ. ಪೊಲೀಸಿಗೆ ಕೊಡುವ ಅಂತ ಹೇಳುವವರೂ ಉಂಟು. ನನ್ನನ್ನು ಬಿಡ್ಸಿದ್ರು. ಬರುವ ತಿಂಗಳ ಇನ್ನೆರಡು ಬಾಣಂತನದವರೂ ಬೇಡ ಅಂದ್ರು." ಅವರು ಎರಡೂ ಅಂಗೈಗಳನ್ನು ಮೇಜಿನ ಮೇಲೆ ಇಟ್ಟರು. "ಆ ಯಂತ್ರದ ಒಳಗೆ ನಿನಗೆ ನನ್ನ ಕೈ ಕಂಡಿತಾ ಮಗಾ? ಕಂಡಿದ್ರೆ ಹೇಳು. ಇದನ್ನೂ ಬೇಕಾದ್ರೆ ಫೋಟೋ ತೆಗಿ."

ನಾನು ಕುರ್ಚಿ ಎಳೆದು ಕೊಟ್ಟೆ. ಕುಳಿತುಕೊಳ್ಳಿ ಎಂದೆ. ಅವರು ಕುಳಿತುಕೊಳ್ಳಲಿಲ್ಲ.

"ಬೆನ್ನಿನ ಕಪ್ಪು ನೋಡಿದ್ದೀಯಲ್ಲಾ?"

"ನೋಡಿದ್ದೇನೆ."

"ಅದು ಬರಿ ಬೆನ್ನಿನಲ್ಲಿ ಅಲ್ಲ. ಮಂಡೆಯಲ್ಲಿ ಕೂದಲ ಅಡಿಯಲ್ಲಿ ಒಂಬತ್ತು ಉಂಟು. ಹುಟ್ಟಿದಾಗ ಆರು ಇದ್ದದ್ದು, ಮೂರು ಆಮೇಲೆ ಬಂದದ್ದು. ಎಣ್ಣೆ ಹಚ್ಚುವಾಗ ಕೈಗೆ ಗೊತ್ತಾಗ್ತದೆ. ಒಳಗೂ ಅದೇ ಇರ್ಬಾರ್ದು ಅಂತ ಉಂಟಾ?"

ನಾನು ಎಂಟು ವರ್ಷದ ಅನುಭವಸ್ಥೆ. ಹದಿನೈದು ದಿನ ನನಗೆ ಹೊಳೆಯದ ಪ್ರಶ್ನೆಯನ್ನು ಅವರು ಕೊಡೆ ಹಿಡಿದು ನಿಂತು ಕೇಳಿದರು.

ಮಧ್ಯಾಹ್ನ ಊಟಕ್ಕೆ ಹೋಗದೆ ಓದಿದೆ. ಅಂಥದ್ದೊಂದು ರೋಗ ಇರುವುದು ನಿಜ. ಹುಟ್ಟುವಾಗಲೇ ಬೆನ್ನು ತುಂಬ ಮಚ್ಚೆ ಇರುವ ಕೆಲವು ಮಕ್ಕಳಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಅದೇ ಜೀವಕೋಶಗಳು ಮೆದುಳಿನಲ್ಲೂ ಸೇರಿಕೊಂಡಿರುತ್ತವೆ. ನ್ಯೂರೊಕ್ಯುಟೇನಿಯಸ್ ಮೆಲನೋಸಿಸ್ ಎಂದು ಹೆಸರು. ಅಪರೂಪ. ಹೆಚ್ಚಾಗಿ ಕಾಣುವ ಜಾಗ ಟೆಂಪೊರಲ್ ಭಾಗದ ಒಳಮೈ ಮತ್ತು ಕಿರುಮೆದುಳು. ಚರ್ಮದಲ್ಲಿ ಕಪ್ಪಾಗಿರುವ ಆ ಬಣ್ಣ ನಮ್ಮ ಪರದೆಯಲ್ಲಿ, ಟಿ-ಒನ್ ಎಂಬ ಚಿತ್ರದಲ್ಲಿ, ಬೆಳ್ಳಗೆ ಕಾಣುತ್ತದೆ.

ಡಾಕ್ಟರ್ ಶಶಿಕಲಾ ಅವರಿಗೆ ಫೋನು ಮಾಡಿ ಬೆನ್ನಿನ ವಿಷಯ ಹೇಳಿದೆ.

"ಅವತ್ತೇ ನೋಡಿದ್ರಾ?"

"ನೋಡಿದ್ದೆ."

"ನಾನು ಕೇಳಿದ್ದೆ. ಬೇರೆ ಎಂತಾದ್ರೂ ಅಂತ."

"ಕೇಳಿದ್ರಿ ಮೇಡಂ. ತಾಯಿ ಬರೀಬೇಡಿ ಅಂದಿದ್ರು."

"ತಾಯಿ ಹೇಳ್ಬಹುದು. ನನಗೆ ಫೋನಿನಲ್ಲಿ ಹೇಳ್ಬೇಡಿ ಅಂತ ಹೇಳಿದ್ರಾ?" ಇಲ್ಲ ಎಂದೆ. "ಹಳೆ ರಕ್ತವೂ ಕೆಲವು ಸಲ ಬೆಳ್ಳಗೆ, ಮೆಲನಿನ್ನೂ ಬೆಳ್ಳಗೆ. ಬೇರೆ ಮಾಡಿ ತೋರಿಸುವ ಚಿತ್ರ ಸಿಗ್ಲಿಲ್ಲ, ಅದು ನಿಮ್ಮ ತಪ್ಪಲ್ಲ. ಬೆನ್ನಿನ ಸುದ್ದಿ ಕೊಡ್ಲಿಲ್ಲ, ಅದು ನಿಮ್ಮ ತಪ್ಪು. ಮಗುವಿಗೆ ಎಷ್ಟಾಯ್ತು?"

"ಮೂರು ತಿಂಗಳು ದಾಟಿದೆ."

"ಹಾಗಾದ್ರೆ ಸಮಯ ಉಂಟು, ತುಂಬ ಇಲ್ಲ. ಮಗು ಬೆಳೀತಾ ಮೆದುಳಿನ ನರಗಳಿಗೆ ಹೊದಿಕೆ ಬರ್ತದೆ, ಆ ಹೊದಿಕೆಯೂ ಟಿ-ಒನ್‌ನಲ್ಲಿ ಬೆಳ್ಳಗೆ. ಸುಣ್ಣ ಹೊಡೆದ ಗೋಡೆಯಲ್ಲಿ ಸುಣ್ಣದ ಬೊಟ್ಟು ಹುಡುಕ್ಲಿಕ್ಕೆ ಆಗ್ತದಾ? ಈ ವಾರವೇ ಕರೆಸಿ. ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡ್ಬೇಡಿ, ಆ ಮದ್ದೂ ಬೆಳ್ಳಗೆ ಕಾಣ್ತದೆ. ಮೊದಲು ಮದ್ದಿಲ್ಲದ ಚಿತ್ರ ಸರಿಯಾಗಿ ಬೇಕು. ಈ ಸಲ ಮಗು ಏಳ್ಬಾರ್ದು."

ಪ್ರಮೀಳಾ ಫೋನಿನಲ್ಲಿ ಅತ್ತಳು. ಅತ್ತೆ ಇನ್ನು ಯಾವ ಮಷೀನೂ ಬೇಡ ಎನ್ನುತ್ತಿದ್ದಾರೆ, ಮಗು ಈಗ ಹಗಲು ನಿದ್ದೆಯೇ ಮಾಡುವುದಿಲ್ಲ, ಎಂದಳು. ನಾನು ಬರೆಯದ್ದರಿಂದ ಹೀಗಾಯಿತು ಎಂದೆ.

"ನಾನೇ ಹೇಳಿದ್ದಲ್ವಾ ಸಿಸ್ಟರ್."

"ನೀವು ಹೇಳಿದ್ದು ಹೌದು. ಬರೆಯುವುದು ನನ್ನ ಕೆಲಸ."

ಮಗು ಏಳಬಾರದು ಎಂದರೆ ಆಯಿತೇ? ಆ ಮಗು ಗಾಢವಾಗಿ ಮಲಗುತ್ತಿದ್ದದ್ದು ಒಂದೇ ಸಮಯದಲ್ಲಿ, ಗುಲಾಬಿಯಕ್ಕ ಮೀಯಿಸಿದ ಮೇಲೆ, ಮೂರು ತಾಸು. ಅವರನ್ನು ಬಿಡಿಸಿದ ಮೇಲೆ ಮನೆಯವರು ಹೆದರಿ ಬರಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಸ್ಕ್ಯಾನಿನ ದಿನ ಗುಲಾಬಿಯಕ್ಕನೇ ಮೀಯಿಸಲಿ ಎಂದೆ. ಪ್ರಮೀಳಾ ಗಂಡನಿಗೆ ಹೇಳಿದಳು. ಗಂಡ ತನ್ನ ತಾಯಿಗೆ ಏನು ಹೇಳಿ ಒಪ್ಪಿಸಿದನೋ ತಿಳಿಯದು. ಒಪ್ಪಿದ್ದು ಒಂದು ಷರತ್ತಿನ ಮೇಲೆ: ಆ ಹೆಂಗಸು ಮೀಯಿಸುವಾಗ ತಾನು ಎದುರಿಗೇ ಕೂರಬೇಕು. ಎದುರಿಗೆ ಕೂತರೆ ಬೆನ್ನು ಕಾಣುತ್ತದೆ. ಪ್ರಮೀಳಾ ಒಂದು ರಾತ್ರಿ ಯೋಚಿಸಿ, ಕಾಣಲಿ ಎಂದಳು.

ವೇಣೂರಿನಿಂದ ತರುವಷ್ಟರಲ್ಲಿ ನಿದ್ದೆ ಕೆಡುತ್ತದೆ. ಮೂಡುಬಿದಿರೆಗೆ ಹತ್ತಿರ ತೋಡಾರಿನಲ್ಲಿ ಪ್ರಮೀಳಾಳ ಚಿಕ್ಕಮ್ಮನ ಮನೆಯಿತ್ತು. ಅಲ್ಲಿ ಮೀಯಿಸಿ ಕಾರಿನಲ್ಲಿ ನೇರ ತರುವುದೆಂದಾಯಿತು. ಬಟ್ಟೆಯಲ್ಲಿ ಪಿನ್ನು, ಸೊಂಟದ ನೂಲಿನಲ್ಲಿ ತಾಯಿತ, ಇಂಥವು ಇರದಂತೆ ನೋಡಿಕೊಳ್ಳಲು ನಾನೂ ಬೆಳಿಗ್ಗೆ ಅಲ್ಲಿಗೆ ಹೋದೆ. ರೋಗಿಯ ಮನೆಗೆ ಹೋದದ್ದು ಹನ್ನೊಂದು ವರ್ಷದಲ್ಲಿ ಅದೊಂದೇ ಸಲ.

ಮನೆಯಲ್ಲಿ ಗೀಸರ್ ಇದ್ದ ಹೊಸ ಬಾತ್‌ರೂಮಿತ್ತು. ಗುಲಾಬಿಯಕ್ಕ ಅದನ್ನು ಒಮ್ಮೆ ಇಣುಕಿ, "ಇದರಲ್ಲಿ ಸೋಪಿನ ಪೆಟ್ಟಿಗೆ ತೊಳೀಬಹುದು," ಎಂದು ಹಿತ್ತಿಲಿನ ಹಳೆಯ ಬಚ್ಚಲಿಗೆ ಹೋಗಿ ಹಂಡೆಗೆ ಬೆಂಕಿ ಹಾಕಿದರು. ಅತ್ತೆ ಪ್ಲಾಸ್ಟಿಕ್ ಕುರ್ಚಿಯನ್ನು ಬಚ್ಚಲ ಬಾಗಿಲಿಗೇ ಎಳೆಸಿ ಕುಳಿತರು. ದಪ್ಪ ಕನ್ನಡಕ, ನೆಟ್ಟಗಿನ ಬೆನ್ನು. ಗುಲಾಬಿಯಕ್ಕ ಮಣೆಯ ಮೇಲೆ ಕಾಲು ನೀಡಿ ಕುಳಿತು, ಮಗುವನ್ನು ಮೊಣಕಾಲಿನ ಕೆಳಗೆ ಕವುಚಿ ಮಲಗಿಸಿ, ಸುತ್ತಿದ ಬಟ್ಟೆಯನ್ನು ತೆಗೆದರು.

ಹಂಡೆಯ ಕೆಳಗಿನ ಸೌದೆ ಚಿಟಿಚಿಟಿ ಎನ್ನುತ್ತಿತ್ತು. ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

"ಇದು ಯಾವಾಗಿನಿಂದ?"

"ಹುಟ್ಟುವಾಗಲೇ ಇದ್ದದ್ದು ಅತ್ತೆ," ಎಂದಳು ಪ್ರಮೀಳಾ, ಗೋಡೆಗೆ ಒರಗಿ ನಿಂತು.

"ನನ್ನಿಂದ ಮುಚ್ಚಿಡ್ಲಿಕ್ಕೆ ನಾನು ಹುಲಿಯಾ?" ಅತ್ತೆ ಗುಲಾಬಿಯಕ್ಕನ ಕಡೆ ತಿರುಗಿದರು. "ನೀರು ಬಿಸಿ ಹೆಚ್ಚಾಯ್ತು."

"ನಿಮ್ಮ ಮಗನನ್ನು ಮೀಯಿಸಿದವಳಿಗೂ ಹೀಗೇ ಹೇಳ್ತಿದ್ರಾ ಅಕ್ಕ?"

"ಹೇಳ್ತಿದ್ದೆ."

"ಅವಳು ಕೇಳ್ತಿದ್ಲಾ?"

ಅತ್ತೆ, "ಇಲ್ಲ," ಎಂದರು.

ನಾನು ಆ ಸ್ನಾನವನ್ನು ಪೂರ್ತಿ ನೋಡಿದೆ. ತೆಂಗಿನೆಣ್ಣೆ ಬೆನ್ನಿನಿಂದ ಹಿಮ್ಮಡಿಯವರೆಗೆ. ಕಪ್ಪು ಚರ್ಮದ ಮೇಲೆ ಕೈ ತುಸು ಹಗುರ, ಉಳಿದ ಕಡೆ ಗಟ್ಟಿ. ತಲೆಗೆ ನೀರು ಎರೆಯುವಾಗ ಎಡಗೈ ಹಣೆಗೆ ಅಡ್ಡ, ಕಣ್ಣಿಗೆ ಒಂದು ಹನಿಯೂ ಇಲ್ಲ. ಕುಲುಕುವುದು ಎಂದು ಹೇಳುತ್ತಿದ್ದದ್ದು, ಕಂಕುಳಿಗೆ ಕೈ ಕೊಟ್ಟು ಎತ್ತಿ ನೀರು ಬಸಿಯುವುದು. ಅಷ್ಟು ಹೊತ್ತೂ ನಾಲ್ಕು ಬೆರಳು ಕತ್ತಿನ ಹಿಂದೆ. ನಾವು ಮಕ್ಕಳನ್ನು ಯಂತ್ರದ ಮೇಜಿಗೆ ಇಡುವಾಗ ತಲೆಗೆ ಆಧಾರ ಕೊಡಬೇಕಾದ ಕ್ರಮ ಅದೇ. ನಾನು ಅದನ್ನು ಅಷ್ಟು ಚೆನ್ನಾಗಿ ಮಾಡಿದ್ದಿಲ್ಲ. ಧೂಪದ ಹೊಗೆ ಹಿಡಿದು, ಪ್ರಮೀಳಾ ಹಾಲು ಕೊಟ್ಟು, ಗುಲಾಬಿಯಕ್ಕ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದಾಗ ಮಗು ಕಲ್ಲಿನಂತೆ ಮಲಗಿತ್ತು.

ಕೇಂದ್ರದಲ್ಲಿ ಗುಲಾಬಿಯಕ್ಕ ಒಳಗೆ ಮಗುವಿನ ಜೊತೆ ಕೂರುತ್ತೇನೆ ಎಂದರು. ಹಾಗಾದರೆ ಮೈಮೇಲಿನ ಲೋಹವೆಲ್ಲ ತೆಗೆಯಬೇಕು. ಕಿವಿಯದು ಬಂತು. ಮೂಗುಬೊಟ್ಟು ಮೂವತ್ತು ವರ್ಷದಿಂದ ತೆಗೆದದ್ದಿಲ್ಲವಂತೆ. ಸೋಪು ಹಚ್ಚಿ, ಎಣ್ಣೆ ಹಚ್ಚಿ, ಕಣ್ಣಲ್ಲಿ ನೀರು ಬಂದ ಮೇಲೆ ಬಿಟ್ಟುಕೊಟ್ಟಿತು. ಒಂದು ಚಿಕ್ಕ ಡಬ್ಬಿಯಲ್ಲಿ ಹಾಕಿ ಅತ್ತೆಯ ಕೈಗೆ ಕೊಟ್ಟೆ, ಹತ್ತಿರ ಬೇರೆ ಯಾರೂ ಇರಲಿಲ್ಲ.

ಗಾಜಿನ ಈಚೆಯಿಂದ ನಾನು ಸುತ್ತುಗಳನ್ನು ಲೆಕ್ಕ ಹಾಕುತ್ತಾ ಕುಳಿತೆ. ಯಂತ್ರ ಅಕ್ಕಿ ಮಿಲ್ಲಿನಂತೆ ಬಡಿದುಕೊಳ್ಳುತ್ತಿತ್ತು. ಗುಲಾಬಿಯಕ್ಕ ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಒಂದು ಕೈಯನ್ನು ಮಗುವಿನ ಪಾದಗಳ ಮೇಲಿಟ್ಟು, ಅಲುಗದೆ ಕೂತಿದ್ದರು. ಮೂರನೆಯ ಸುತ್ತು ದಾಟಿತು. ನಾಲ್ಕನೆಯದು, ರಕ್ತವನ್ನು ಕಪ್ಪಾಗಿ ತೋರಿಸುವುದು, ಮುಗಿಯಿತು. ಮಗು ಏಳಲಿಲ್ಲ. ತೆಳುವಾದ ಪದರಗಳಲ್ಲಿ ಟಿ-ಒನ್ ಇನ್ನೊಮ್ಮೆ ತೆಗೆದೆ. ಆ ಮೂರು ಜಾಗ ಹಿಂದಿನಂತೆಯೇ ಬೆಳ್ಳಗಿದ್ದವು. ರಕ್ತದ ಚಿತ್ರದಲ್ಲಿ ಅದೇ ಜಾಗಗಳಲ್ಲಿ ಕಪ್ಪು ಇರಲಿಲ್ಲ. ನಾವು ವರದಿ ಹೇಳಬಾರದು, ಅದು ನಿಯಮ. ನಾನು ಹೇಳಲಿಲ್ಲ. ಚಿತ್ರಗಳನ್ನು ಕೂಡಲೇ ಮಂಗಳೂರಿಗೆ ಕಳಿಸಿದೆ.

ಡಾಕ್ಟರ್ ಶಶಿಕಲಾ ಆ ದಿನ ಮಿಕ್ಕ ಕೆಲಸ ನಿಲ್ಲಿಸಿ ಒಂದು ತಾಸಿನಲ್ಲಿ ವರದಿ ಕಳಿಸಿದರು. ಹಿಂದಿನ ವರದಿಯನ್ನು ತಿದ್ದಿ ಬರೆದಿದ್ದರು. ರಕ್ತಸ್ರಾವದ ಲಕ್ಷಣ ಇಲ್ಲ. ಪೆಟ್ಟಿನ ಲಕ್ಷಣ ಇಲ್ಲ. ಚರ್ಮದ ಮಚ್ಚೆಗಳನ್ನು ಗಮನಿಸಿದರೆ ಇವು ಮೆದುಳಿನೊಳಗಿನ ಮೆಲನಿನ್ ಇರಬೇಕು. ಮೊದಲ ಸಲ ಮಚ್ಚೆಗಳ ವಿಷಯ ದಾಖಲಾಗಿರಲಿಲ್ಲ ಎಂಬ ಸಾಲನ್ನೂ ಸೇರಿಸಲು ನಾನೇ ಕೇಳಿಕೊಂಡಿದ್ದೆ. ಆ ಸಾಲೂ ಇತ್ತು. ಅವರು ಪ್ರಮೀಳಾ ಮತ್ತು ಅವಳ ಗಂಡನ ಜೊತೆ ಫೋನಿನಲ್ಲಿ ಮಾತಾಡಿದರು. ಇದು ತೆಗೆದು ಹಾಕುವಂಥದ್ದಲ್ಲ, ಕೆಲವು ಮಕ್ಕಳಿಗೆ ಏನೂ ಆಗುವುದಿಲ್ಲ, ಕೆಲವರಿಗೆ ತೊಂದರೆ ಆಗುತ್ತದೆ, ಯಾವುದೆಂದು ಈಗಲೇ ಹೇಳಲು ಆಗುವುದಿಲ್ಲ, ಮಂಗಳೂರಿನಲ್ಲಿ ನರರೋಗದವರಿಗೆ ತೋರಿಸಿ, ನೋಡ್ತಾ ಇರಬೇಕು, ಎಂದರು. ಪ್ರಮೀಳಾ ಎಲ್ಲ ಕೇಳಿ, "ನೋಡ್ತಾ ಇರ್ತೇವೆ," ಎಂದಳು.

ಹೊರಗೆ ಕಾಯುವ ಜಾಗದಲ್ಲಿ ಏಳೆಂಟು ಜನ ಇದ್ದರು. ಗುಲಾಬಿಯಕ್ಕ ನನ್ನ ಕೈಯ ಕಾಗದವನ್ನು ನೋಡಿದರು.

"ನನಗೆ ಓದ್ಲಿಕ್ಕೆ ಬರುದಿಲ್ಲ ಮಗಾ. ನನ್ನ ಬಗ್ಗೆ ಅದರಲ್ಲಿ ಎಂತ ಉಂಟು?"

ರೋಗಿಯ ವರದಿಯನ್ನು ಹತ್ತು ಜನರ ಮುಂದೆ ಓದುವುದಿಲ್ಲ. ಇದೂ ನಿಯಮ, ಸರಿಯಾದ ನಿಯಮ. ನಾನು ಪ್ರಮೀಳಾಳ ಮುಖ ನೋಡಿದೆ. ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡಿದ್ದಳು. ಸುತ್ತಿದ ಬಟ್ಟೆ ಜಾರಿ ಬೆನ್ನು ಅರ್ಧ ಕಾಣುತ್ತಿತ್ತು. ಅವಳು ಅದನ್ನು ಮೇಲೆಳೆಯಲಿಲ್ಲ.

"ಓದಿ ಸಿಸ್ಟರ್. ಜೋರಾಗಿ ಓದಿ."

ನಾನು ಜೋರಾಗಿ ಮಾತಾಡಿ ಅಭ್ಯಾಸವಿದ್ದವಳಲ್ಲ. ಕಾಗದದ ಮೇಲಿನ ಇಂಗ್ಲಿಷನ್ನು ತುಳುವಿಗೆ ತಿರುಗಿಸಿ ಓದಿದೆ. ರಕ್ತ ಇಲ್ಲ. ಪೆಟ್ಟು ಇಲ್ಲ. ಇದು ಯಾರ ಕೈಯಿಂದ ಆದದ್ದೂ ಅಲ್ಲ, ಹುಟ್ಟುವಾಗಲೇ ಬಂದದ್ದು. ಕೊನೆಯ ವಾಕ್ಯ ವರದಿಯಲ್ಲಿ ಹಾಗೆಯೇ ಇರಲಿಲ್ಲ. ಹಾಗೆ ಓದಿದ್ದಕ್ಕೆ ನನಗೆ ಬೇಸರವಿಲ್ಲ. ಮಚ್ಚೆಯ ವಿಷಯ ಮೊದಲ ಸಲ ಬರೆದಿರಲಿಲ್ಲ ಎಂಬ ಸಾಲನ್ನೂ ಓದಿ, ಬರೆಯದವಳು ನಾನು, ಎಂದೆ.

"ಇನ್ನೊಂದು ಸಲ ಓದು," ಎಂದರು ಗುಲಾಬಿಯಕ್ಕ.

ಓದಿದೆ.

ಅತ್ತೆ ಕ್ಷಮೆ ಕೇಳಲಿಲ್ಲ. ಡಬ್ಬಿ ಅವರ ಮುಷ್ಟಿಯಲ್ಲೇ ಇತ್ತು. ಗುಲಾಬಿಯಕ್ಕ ಮೂಗುಬೊಟ್ಟು ತೆಗೆದುಕೊಂಡು ಹಾಕಿಕೊಳ್ಳಲು ನೋಡಿದರು. ಮೂಗು ಊದಿತ್ತು, ಎಣ್ಣೆಗೆ ಕೈ ಜಾರುತ್ತಿತ್ತು, ತೂತು ಸಿಗಲಿಲ್ಲ. ಮೂರು ಸಲ ಸೋತರು. ಆಗ ಅತ್ತೆ, "ಇಲ್ಲಿ ಕೊಡು," ಎಂದು ಬೊಟ್ಟನ್ನು ತೆಗೆದುಕೊಂಡು, ಗುಲಾಬಿಯಕ್ಕನ ಗಲ್ಲ ಹಿಡಿದು ಮುಖವನ್ನು ಟ್ಯೂಬ್‌ಲೈಟಿನ ಕಡೆ ತಿರುಗಿಸಿದರು.

"ಅಲುಗ್ಬೇಡ."

"ಚುಚ್ತದೆ ಅಕ್ಕ."

"ಮಗು ಅಷ್ಟು ಹೊತ್ತು ಅಲುಗದೆ ಮಲಗಿದೆ. ನಿನಗೆ ಆಗುದಿಲ್ವಾ?"

ಬೊಟ್ಟು ಕುಳಿತಿತು. ಇಬ್ಬರೂ ಒಂದೇ ಕಾರಿನಲ್ಲಿ ಹೋದರು.

ಆ ಮಗುವಿಗೆ ಎರಡು ವರ್ಷ ಆಗುವವರೆಗಿನ ಸುದ್ದಿ ನನಗೆ ಗೊತ್ತು. ಫಿಟ್ಸಿಗೆ ಮಾತ್ರೆ ನಡೆಯುತ್ತಿತ್ತು, ನಡೆಯಲು ಕಲಿತಿತ್ತು, ತುಳುವಿನಲ್ಲಿ ಜಗಳವಾಡುತ್ತಿತ್ತು. ಮಂಗಳೂರಿನಲ್ಲಿ ಇನ್ನೊಮ್ಮೆ ಸ್ಕ್ಯಾನ್ ಆಯಿತು. ಆಮೇಲಿನದು ನನಗೆ ಗೊತ್ತಿಲ್ಲ, ತಿಳಿಯದೆ ಒಳ್ಳೆಯದನ್ನೋ ಕೆಟ್ಟದ್ದನ್ನೋ ಬರೆಯುವುದಿಲ್ಲ. ಗುಲಾಬಿಯಕ್ಕ ಮುಂದಿನ ಬಾಣಂತನಗಳಿಗೆ ಹೋದರು ಎಂದು ಪ್ರಮೀಳಾ ತಿಳಿಸಿದ್ದಳು.

ಲಾರೆನ್ಸ್ ಸರ್ ಆಗ ಕೆಲಸ ಬಿಟ್ಟಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಈ ಕಥೆ ಹೇಳಿದೆ. ಅವರು ಬಹಳ ಹೊತ್ತು ತಮ್ಮ ಕಂದು ಬೆರಳುಗಳನ್ನು ನೋಡಿಕೊಂಡು, "ನಮ್ಮ ಕಾಲದಲ್ಲಿ ಡಾಕ್ಟ್ರು ಪಕ್ಕದ ರೂಮಲ್ಲೇ ಇದ್ರು ಮಾರಾಯ್ತಿ. ಮೂರು ಕೇಳಿದ್ರೆ ಸಾಕಾಗ್ತಿತ್ತು," ಎಂದರು.

ಈಗ ನೀವು ಒಬ್ಬರೇ ಇರುತ್ತೀರಿ. ರೋಗಿಯನ್ನು ಕಣ್ಣಿನಿಂದ ನೋಡುವವರು ನೀವು ಮಾತ್ರ. ಗುಟ್ಟನ್ನು ಊರಿನಿಂದ ಕಾಪಾಡಿ, ವೈದ್ಯರಿಂದ ಕಾಪಾಡಬೇಡಿ. ಈ ಎರಡರ ನಡುವಿನ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ.

ನಾನಿದ್ದ ಕೇಂದ್ರದ ಫಾರಮ್ಮಿನಲ್ಲಿ ಮಕ್ಕಳಿಗೆಂದು ಎರಡು ಸಾಲು ಹೆಚ್ಚಿಗೆ ಇವೆ. ಮೊದಲು ಕೈಯಲ್ಲಿ ಬರೆದು ಸೇರಿಸುತ್ತಿದ್ದೆ, ಆಮೇಲೆ ಅಚ್ಚಾಯಿತು. ಒಂದು: ಬಟ್ಟೆ ತೆಗೆದು ನೋಡಿದಾಗ ಮೈಮೇಲೆ ಕಂಡದ್ದು. ಇನ್ನೊಂದು: ಮಗುವನ್ನು ಮೀಯಿಸುವವರು ಯಾರು? ಎರಡನೆಯದನ್ನು ಓದಿ ಹೊಸಬರು ನಗುತ್ತಾರೆ. ನಗಬಹುದು. ಆದರೆ ಅವರ ಹೆಸರು ಕೇಳಿ, ಬಂದಿದ್ದರೆ ಒಳಗೆ ಕರೆಯಿರಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ. ಅಲ್ಲಿ ಗೆರೆ ಎಳೆಯಬೇಡಿ.